ಒಬ್ಬರ ತೊಗಲು ಇನ್ನೊಬ್ಬರಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಬೆಂಕಿ ಹೊಸದಲ್ಲ. ಮೊಹರಮ್ಮಿನಲ್ಲಿ ಅಲಾವಿಯ ಕುಣಿಯ ಸುತ್ತ ಕುಣಿದವರು ನಾವು. ವೀರಭದ್ರನ ಗುಡಿಯ ಮುಂದೆ ಅಗ್ಗಿ ಹಾಯುವ ಗೆಳೆಯರನ್ನು ದೂರ ನಿಂತು ಬೆರಗಿನಿಂದ ನೋಡಿದವರು. ಕಬ್ಬು ಕಡಿದ ಹೊಲದಲ್ಲಿ ರವದಿಗೆ ಹಚ್ಚಿದ ಬೆಂಕಿ, ಗಾಣದ ಮನೆಯಲ್ಲಿ ಕೊತಕೊತ ಕುದಿಯುವ ಬೆಲ್ಲದ ಪಾಕ, ಅಡುಗೆಮನೆಯ ಒಲೆ, ಚಿಮಣಿ ಎಣ್ಣೆಯ ಸ್ಟೋವು ಇವೆಲ್ಲ ನಮ್ಮ ದಿನದ ಬದುಕಿನ ಭಾಗ. ಇಷ್ಟು ಬೆಂಕಿಯ ನಡುವೆ ಬದುಕುವ ನಾವು, ಬೆಂದವರನ್ನು ಉಳಿಸುವ ವಿದ್ಯೆ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ಕೇಳಿಕೊಂಡದ್ದು ಮಾತ್ರ ಕಡಿಮೆ.

ಇತಿಹಾಸವೆಂದರೆ ನಮ್ಮ ಕಡೆ ಕೋಟೆ, ಕತ್ತಿ, ಕುದುರೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಮುಂದೆ ಥ್ಯಾಕರೆ ಬಿದ್ದ ಸಂಗತಿಯನ್ನು ಶಾಲೆಯ ಹುಡುಗರೂ ಹೇಳುತ್ತಾರೆ. ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲೇ ಇದೆ. ಅದು ಹೆಮ್ಮೆಯ ಇತಿಹಾಸ, ಇರಲಿ. ಆದರೆ ಮನುಷ್ಯನ ಮೈಗೂ ಒಂದು ಇತಿಹಾಸವಿದೆ. ಮೈಮೇಲಿನ ತೊಗಲಿಗೂ ಇದೆ. ಅದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಒಂದು ಸಾವಿನಿಂದ.

ಆ ಹನ್ನೊಂದು ದಿನ

1995ರ ಬೇಸಿಗೆ. ನಾವಿನ್ನೂ ಹೈಸ್ಕೂಲಿನಲ್ಲಿದ್ದೆವು. ಒಂದು ಮಧ್ಯಾಹ್ನ ಓಣಿಯಲ್ಲಿ ಕೂಗೆದ್ದಿತು. ಎರಡು ವರ್ಷದ ಹಿಂದೆ ರಾಮದುರ್ಗದ ಕಡೆಯ ಹಳ್ಳಿಯೊಂದರಿಂದ ಸೊಸೆಯಾಗಿ ಬಂದಿದ್ದ ಹೆಣ್ಣುಮಗಳು ಅಡುಗೆಮನೆಯಿಂದ ಉರಿಯುತ್ತ ಹೊರಗೆ ಓಡಿ ಬಂದಿದ್ದಳು. ಯಾರೋ ಕೌದಿ ಎಸೆದರು. ಯಾರೋ ಮಕ್ಕಳ ಪಾಟಿಚೀಲದಿಂದ ಶಾಯಿಯ ಬಾಟಲಿ ತಂದು ಸುರಿದರು. ಇನ್ನಾರೋ ಹಲ್ಲುಜ್ಜುವ ಪೇಸ್ಟು ಹಚ್ಚಿದರು. ಮನೆಯ ಮುಂದಿನ ತೊಟ್ಟಿಯಲ್ಲಿ ನೀರು ತುಂಬಿತ್ತು. ಸುಟ್ಟ ಮೈಗೆ ನೀರು ಹಾಕಬಾರದೆಂದು ಹಿರಿಯರೊಬ್ಬರು ತಡೆದರು. ನಾವು ತಂಬಿಗೆ ಹಿಡಿದುಕೊಂಡು ಸುಮ್ಮನೆ ನಿಂತೆವು.

ಬಾಡಿಗೆ ಟ್ರ್ಯಾಕ್ಸಿನಲ್ಲಿ ಅವಳನ್ನು ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಒಯ್ದರು. ಮರುದಿನ ಬಸ್ಸು ಹಿಡಿದು ಬಂದ ತಾಯಿ ಹಾಸಿಗೆಯ ಹತ್ತಿರ ನಿಂತು ಡಾಕ್ಟರಿಗೆ ಕೈಮುಗಿದಳಂತೆ. "ಸಾಹೇಬ್ರ, ನನ್ನ ತೊಗಲ ತಗೋರಿ. ನನಗ ವಯಸ್ಸಾಗೇತಿ, ನನಗ್ಯಾಕ ಬೇಕು? ನನ್ನ ಮಗಳಿಗೆ ಹಚ್ರಿ." ಡಾಕ್ಟರು ತಲೆ ಅಲ್ಲಾಡಿಸಿದರು. "ಹಿಡಿಯೂದಿಲ್ಲ ಅವ್ವಾ. ಒಬ್ರ ತೊಗಲ ಇನ್ನೊಬ್ರಿಗೆ ಹಿಡಿಯೂದಿಲ್ಲ."

ಹನ್ನೊಂದನೆಯ ದಿನ ಅವಳು ತೀರಿಕೊಂಡಳು. ಸುಟ್ಟ ಗಾಯಕ್ಕಿಂತ ಆಮೇಲೆ ತಗುಲಿದ ಸೋಂಕು ಅವಳನ್ನು ಒಯ್ಯಿತೆಂದು ಹೇಳಿದರು. ಓಣಿಯೆಲ್ಲ "ಸ್ಟೋವು ಸಿಡಿಯಿತು" ಎಂದಿತು. ನಾವೂ ಅದನ್ನೇ ಹೇಳಿದೆವು.

ಡಾಕ್ಟರು ಹೇಳಿದ ಆ ಒಂದು ಮಾತು ಬಹಳ ವರ್ಷ ನಮ್ಮೊಳಗೆ ಉಳಿಯಿತು. ತಾಯಿಯ ಹಾಲು ಹಿಡಿಯುತ್ತದೆ, ರಕ್ತ ಹಿಡಿಯುತ್ತದೆ, ತೊಗಲು ಯಾಕೆ ಹಿಡಿಯುವುದಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಇತಿಹಾಸವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ತನ್ನ ತೊಗಲೇ ತನಗೆ

ಮೈಯ ಒಂದು ಕಡೆಯ ಚರ್ಮವನ್ನು ಇನ್ನೊಂದು ಕಡೆಗೆ ಹೊಂದಿಸುವ ವಿದ್ಯೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝಿನ್' ಒಂದು ಪತ್ರ ಪ್ರಕಟಿಸಿತು. ಅದರಲ್ಲಿ ಕಾವಸಜಿ ಎಂಬ ಮರಾಠಾ ಎತ್ತಿನ ಗಾಡಿಯವನ ಕಥೆಯಿತ್ತು. ಇಂಗ್ಲಿಷ್ ಸೈನ್ಯದ ಜೊತೆಗಿದ್ದ ಅವನು 1792ರ ಯುದ್ಧದಲ್ಲಿ ಟಿಪ್ಪು ಸುಲ್ತಾನರ ಕಡೆಯವರಿಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡನೆಂದು ಪತ್ರ ಹೇಳುತ್ತದೆ. ಬರೆದವರು ಟಿಪ್ಪುವಿನ ವೈರಿಗಳ ಕಡೆಯವರು ಎಂಬುದು ನಮ್ಮ ನೆನಪಿನಲ್ಲಿರಬೇಕು. ಆದರೆ ಮುಂದಿನ ಭಾಗ ಮುಖ್ಯ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಕರ್ಮಿ ಅವನ ಹಣೆಯ ಚರ್ಮವನ್ನು ಬಿಡಿಸಿ, ಬುಡ ಕತ್ತರಿಸದೆ ಕೆಳಗೆ ತಿರುಗಿಸಿ, ಹೊಸ ಮೂಗು ಮಾಡಿದ. ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ಕಂಡರು. ಈ ವರದಿಯಿಂದ ಪ್ರೇರಿತನಾಗಿ ಜೋಸೆಫ್ ಕಾರ್ಪ್ಯು ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕೆಲಸ ಮಾಡಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಇತಿಹಾಸದಲ್ಲಿ ಹೆಸರಿಲ್ಲದ ಆ ಇಟ್ಟಿಗೆಯವನಿಗೆ ದೊಡ್ಡ ಜಾಗವಿದೆ.

1869ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಲೂಯಿ ರೆವರ್ಡನ್ ಎಂಬ ತರುಣ ವೈದ್ಯ ಇನ್ನೊಂದು ಹೆಜ್ಜೆ ಮುಂದಿಟ್ಟ. ಚರ್ಮದ ಸಣ್ಣ ಚೂರುಗಳನ್ನು ಪೂರ್ತಿ ಬಿಡಿಸಿ, ಮಾಯದ ಗಾಯದ ಮೇಲೆ ಅಲ್ಲಲ್ಲಿ ಇಟ್ಟ. ನಾಟಿ ಹಚ್ಚಿದ ಸಸಿಯಂತೆ ಅವು ಬೇರುಬಿಟ್ಟು ಹರಡಿದವು. ನಾವು ಕನ್ನಡದಲ್ಲಿ 'ಚರ್ಮದ ಕಸಿ' ಎನ್ನುವುದು ಸರಿಯಾಗಿಯೇ ಇದೆ. ಮುಂದೆ ತೊಡೆಯಿಂದ ತೆಳುವಾದ ಹಾಳೆಯಂತೆ ಚರ್ಮ ಹೆರೆದು ತೆಗೆದು ಸುಟ್ಟ ಜಾಗಕ್ಕೆ ಹೊದಿಸುವುದು ರೂಢಿಗೆ ಬಂತು. ಹೆರೆದ ಜಾಗ ತಾನಾಗಿಯೇ ಮಾಯುತ್ತಿತ್ತು.

ಆದರೆ ಮೈಯ ಅರ್ಧಕ್ಕಿಂತ ಹೆಚ್ಚು ಬೆಂದವರ ಗತಿಯೇನು? ಅವರ ಮೈಮೇಲೆ ತೆಗೆಯಲು ಚರ್ಮವೇ ಉಳಿದಿರುವುದಿಲ್ಲ. ಇಲ್ಲಿಯೇ ರಾಮದುರ್ಗದ ಆ ತಾಯಿಯ ಪ್ರಶ್ನೆ ಬರುತ್ತದೆ. ಬೇರೆಯವರದನ್ನು ಹಚ್ಚಿದರಾಗದೇ?

ಗ್ಲಾಸ್ಗೋದ ಅಣ್ಣ-ತಂಗಿ

ಈ ಪ್ರಶ್ನೆಗೆ ಉತ್ತರ ಸಿಕ್ಕದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ವಿಮಾನಗಳಲ್ಲಿ ಬೆಂದ ಸೈನಿಕರನ್ನು ಉಳಿಸುವ ದಾರಿ ಬೇಕಾಗಿತ್ತು. ಪೀಟರ್ ಮೆಡಾವರ್ ಎಂಬ ಪ್ರಾಣಿಶಾಸ್ತ್ರಜ್ಞ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಜೊತೆ ಸೇರಿದರು. ಅಲ್ಲಿ ಬೆಂಕಿಯಲ್ಲಿ ಬೆಂದ ಇಪ್ಪತ್ತೆರಡು ವರ್ಷದ ಹೆಣ್ಣುಮಗಳೊಬ್ಬಳಿದ್ದಳು. ಅವಳ ಸೋದರ ತನ್ನ ಚರ್ಮ ಕೊಟ್ಟ. ಚೂರುಗಳು ಮೊದಲು ಚೆನ್ನಾಗಿಯೇ ಕೂತವು. ಕೆಲವು ದಿನಗಳ ನಂತರ ಕರಗಿಹೋದವು. ಎರಡನೆಯ ಸಲ ಅದೇ ಸೋದರನ ಚರ್ಮ ಇಟ್ಟಾಗ ಇನ್ನೂ ಬೇಗ ನಾಶವಾದವು. ಮೈ ಅವನ್ನು ಪರಕೀಯವೆಂದು ಗುರುತಿಸಿ, ನೆನಪಿಟ್ಟು, ಎರಡನೆಯ ಸಲ ಸಿದ್ಧವಾಗಿ ಕಾದಿತ್ತು. 1943ರಲ್ಲಿ ಪ್ರಕಟವಾದ ಈ ಶೋಧನೆ ರೋಗನಿರೋಧಕ ವ್ಯವಸ್ಥೆಯ ಅಧ್ಯಯನಕ್ಕೆ ಹೊಸ ದಾರಿ ತೆರೆಯಿತು. ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಹುಮಾನ ಬಂತು.

ಅಂದರೆ ಬೆಳಗಾವಿಯ ಡಾಕ್ಟರು ಹೇಳಿದ್ದು ನಿಜ. ರಕ್ತಸಂಬಂಧ ಎಂಬುದು ನಮ್ಮ ಮನಸ್ಸಿಗೆ ದೊಡ್ಡದು. ಮೈಯ ಕಾವಲುಗಾರನಿಗೆ ಅಷ್ಟು ಸಾಲದು. ಒಂದೇ ರೂಪದ ಅವಳಿಗಳನ್ನು ಬಿಟ್ಟರೆ ತಾಯಿಯೂ ಅದಕ್ಕೆ ಪರಕೀಯಳೇ.

ತಟ್ಟೆಯಲ್ಲಿ ಬೆಳೆದ ಚರ್ಮ

ಹಾಗಾದರೆ ಬೆಂದವರ ಸ್ವಂತ ಚರ್ಮವನ್ನೇ ಮೈಯ ಹೊರಗೆ ಬೆಳೆಸಿದರೆ? 1975ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಹೊವರ್ಡ್ ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಇದಕ್ಕೆ ದಾರಿ ಕಂಡರು. ಅಲ್ಲಿಯವರೆಗೆ ಚರ್ಮದ ಹೊರಪದರದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಹೆಚ್ಚು ದಿನ ಬೆಳೆಸುವುದು ಆಗಿರಲಿಲ್ಲ. ವಿಕಿರಣ ಹಾಯಿಸಿ ತಾವು ಬೆಳೆಯದಂತೆ ಮಾಡಿದ ಇಲಿಯ ಜೀವಕೋಶಗಳನ್ನು ತಟ್ಟೆಯ ತಳಕ್ಕೆ ಹಾಸಿದಾಗ, ಅವುಗಳ ಆಸರೆಯಲ್ಲಿ ಮನುಷ್ಯನ ಚರ್ಮದ ಜೀವಕೋಶಗಳು ಹೆಚ್ಚತೊಡಗಿದವು. ಗುಂಪುಗುಂಪಾಗಿ ಹರಡಿ, ಒಂದಕ್ಕೊಂದು ಕೂಡಿ ತೆಳುವಾದ ಹಾಳೆಯಾದವು. ಮೂರು-ನಾಲ್ಕು ವಾರದಲ್ಲಿ ಅಂಚೆಚೀಟಿಯಷ್ಟು ಚರ್ಮದಿಂದ ಹಲವು ಸಾವಿರ ಪಟ್ಟು ಹಾಳೆ ಬೆಳೆಸಬಹುದೆಂದು ಆಮೇಲೆ ಗೊತ್ತಾಯಿತು.

1981ರ ಹೊತ್ತಿಗೆ ಬೋಸ್ಟನ್ನಿನಲ್ಲಿ ಈ ಹಾಳೆಗಳನ್ನು ಬೆಂದವರ ಮೇಲೆ ಮೊದಲ ಸಲ ಬಳಸಿ ನೋಡಲಾಗಿತ್ತು. ನಿಜವಾದ ಪರೀಕ್ಷೆ ಬಂದದ್ದು 1983ರಲ್ಲಿ. ವಯೋಮಿಂಗ್ ರಾಜ್ಯದ ಇಬ್ಬರು ಪುಟ್ಟ ಅಣ್ಣತಮ್ಮಂದಿರ ಮೈ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಬೆಂದಿತ್ತು. ಅಷ್ಟು ಬೆಂದ ಮಕ್ಕಳು ಬದುಕುವ ಆಸೆಯನ್ನು ಯಾರೂ ಇಟ್ಟುಕೊಳ್ಳುವಂತಿರಲಿಲ್ಲ. ಬೋಸ್ಟನ್ನಿನ ವೈದ್ಯರು ಕಂಕುಳಲ್ಲಿ ಉಳಿದಿದ್ದ ಸ್ವಲ್ಪ ಚರ್ಮದಿಂದ ಹಾಳೆಗಳನ್ನು ಬೆಳೆಸಿ, ಮೈಯ ಸುಮಾರು ಅರ್ಧ ಭಾಗಕ್ಕೆ ಹೊದಿಸಿದರು. ಇಬ್ಬರೂ ಬದುಕಿದರು. 1984ರಲ್ಲಿ ಇದರ ವರದಿ ಬಂದಾಗ ವೈದ್ಯಲೋಕ ಬೆರಗಾಯಿತು.

ಓಣಿಯ ಆ ಸೊಸೆ ತೀರಿಕೊಂಡದ್ದು ಇದಾಗಿ ಹನ್ನೊಂದು ವರ್ಷದ ನಂತರ.

ಮೂರು ವಾರದ ಪ್ರಶ್ನೆ

ಆ ಮಕ್ಕಳ ಕಥೆಯಲ್ಲಿ ಪತ್ರಿಕೆಗಳು ಹೆಚ್ಚು ಹೇಳದ ಒಂದು ಸಂಗತಿಯಿದೆ. ಹಾಳೆ ಬೆಳೆಯಲು ಮೂರು ವಾರ ಬೇಕು. ತೊಗಲಿಲ್ಲದ ಮೈ ಮೂರು ವಾರ ಕಾಯುವುದಿಲ್ಲ. ಮೈಯೊಳಗಿನ ನೀರು ಹೊರಗೆ ಸೋರದಂತೆ, ಹೊರಗಿನ ರೋಗಾಣು ಒಳಗೆ ನುಗ್ಗದಂತೆ ತಡೆಯುವ ಗೋಡೆಯೇ ಚರ್ಮ. ಗೋಡೆ ಬಿದ್ದ ಮನೆಯನ್ನು ಅಷ್ಟು ದಿನ ಕಾಯುವುದು ಹೇಗೆ?

ಅದಕ್ಕೆ ವೈದ್ಯರು ಬಳಸುವುದು ತೀರಿಕೊಂಡವರು ಬಿಟ್ಟುಹೋದ ಚರ್ಮವನ್ನು. ಅಮೆರಿಕದ ನೌಕಾಪಡೆ 1949ರಲ್ಲಿಯೇ ಅಂಗಾಂಶ ಬ್ಯಾಂಕ್ ತೆರೆದಿತ್ತು. ದಾನದ ಚರ್ಮ ಕಾಯಂ ಹಿಡಿಯುವುದಿಲ್ಲ, ನಿಜ. ಆದರೆ ಮೈ ಅದನ್ನು ತಿರಸ್ಕರಿಸುವವರೆಗಿನ ಎರಡು ಮೂರು ವಾರ ಅದು ಗೋಡೆಯಂತೆ ನಿಲ್ಲುತ್ತದೆ. ನೋವು ತಗ್ಗಿಸುತ್ತದೆ, ಸೋಂಕು ತಡೆಯುತ್ತದೆ. ಸ್ವಂತ ಚರ್ಮ ಸಿದ್ಧವಾಗುವ ಹೊತ್ತಿಗೆ ಜಾಗ ಬಿಟ್ಟುಕೊಡುತ್ತದೆ. ಇಷ್ಟೇ ಅಲ್ಲ. ಪ್ರಯೋಗಶಾಲೆಯ ಹಾಳೆಯಲ್ಲಿ ಹೊರಪದರ ಮಾತ್ರ ಇರುತ್ತದೆ, ಅದು ಬಲು ನಾಜೂಕು, ಬೊಬ್ಬೆಯೆದ್ದು ಕಿತ್ತುಬರುತ್ತದೆ. ದಾನದ ಚರ್ಮದ ಒಳಪದರವನ್ನು ಅಲ್ಲೇ ಉಳಿಸಿ, ಅದರ ಮೇಲೆ ಬೆಳೆಸಿದ ಹಾಳೆ ಹೊದಿಸಿದರೆ ಚೆನ್ನಾಗಿ ಕೂರುತ್ತದೆಂದು 1986ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕ್ಯುಯೊನೊ ತೋರಿಸಿದರು.

ದಾನಿಯೇ ಬೇಡವೆನಿಸುವಂತೆ ಮಾಡಿದ ವಿಜ್ಞಾನವೂ ಹೀಗೆ ದಾನಿಯ ಹೆಗಲಿಗೇ ಒರಗಿ ನಿಂತಿತು. ಆ ತಾಯಿಗೆ ಸಿಕ್ಕ ಉತ್ತರ ನಿಜವಾಗಿದ್ದರೂ ಪೂರ್ತಿಯಾಗಿರಲಿಲ್ಲ ಎಂದು ನಮಗೆ ತಿಳಿದದ್ದು ಇಲ್ಲಿ. ತಾಯಿಯ ತೊಗಲು ಮಗಳಿಗೆ ಕಾಯಂ ಹಿಡಿಯುತ್ತಿರಲಿಲ್ಲ, ಆದರೆ ಕೆಲವು ದಿನ ಕಾಯಬಹುದಿತ್ತು. ಆ ಡಾಕ್ಟರನ್ನು ನಾವು ದೂರುವುದಿಲ್ಲ. ಅಂದು ಅವರ ಕೈಯಲ್ಲಿ ಚರ್ಮ ಬ್ಯಾಂಕೂ ಇರಲಿಲ್ಲ, ಕೊಡುವ ಜನರೂ ಇರಲಿಲ್ಲ.

ಮುಂದೆ ಈ ವಿದ್ಯೆ ಇನ್ನಷ್ಟು ಬೆಳೆಯಿತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ವೈದ್ಯೆ ಫಿಯೋನಾ ವುಡ್ ಮತ್ತು ವಿಜ್ಞಾನಿ ಮೇರಿ ಸ್ಟೋನರ್, ಹಾಳೆಯಾಗುವವರೆಗೆ ಕಾಯದೆ ಜೀವಕೋಶಗಳನ್ನು ಗಾಯದ ಮೇಲೆ ಸಿಂಪಡಿಸುವ ಕ್ರಮ ಕಂಡುಹಿಡಿದರು. 2002ರಲ್ಲಿ ಇಂಡೋನೇಷ್ಯದ ಬಾಲಿಯಲ್ಲಿ ಬಾಂಬು ಸಿಡಿದಾಗ ಪರ್ತ್‌ನ ಆಸ್ಪತ್ರೆಗೆ ಬಂದ 28 ಜನರ ಆರೈಕೆಯನ್ನು ಇವರ ತಂಡ ವಹಿಸಿತು. ಅವರಲ್ಲಿ 25 ಮಂದಿ ಉಳಿದರು. ಇದರ ಮುಂದಿನ ರೂಪವಾದ 'ರೀಸೆಲ್' ಎಂಬ ಸಲಕರಣೆಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಚದರ ಸೆಂಟಿಮೀಟರ್ ಚರ್ಮದಿಂದ ಎಂಬತ್ತು ಚದರ ಸೆಂಟಿಮೀಟರ್ ಗಾಯಕ್ಕೆ ಸಿಂಪಡಿಸುವಷ್ಟು ಜೀವಕೋಶ ಸಿಗುತ್ತದೆ. ಆಳವಾದ ಗಾಯಕ್ಕೆ ಅದೊಂದೇ ಸಾಲದು, ಜೊತೆಗೆ ಕಸಿಯೂ ಬೇಕು.

2015ರಲ್ಲಿ ಜರ್ಮನಿಯ ಬೋಹುಮ್ ನಗರದ ಆಸ್ಪತ್ರೆಗೆ ಸಿರಿಯಾದ ನಿರಾಶ್ರಿತ ಕುಟುಂಬದ ಏಳು ವರ್ಷದ ಹುಡುಗನೊಬ್ಬನನ್ನು ತಂದರು. ಅವನದು ಬೆಂಕಿಯ ಗಾಯವಲ್ಲ, ಚರ್ಮ ತಾನಾಗಿ ಕಳಚಿಬೀಳುವ ಹುಟ್ಟುಕಾಯಿಲೆ. ತಂದೆ ತನ್ನ ಚರ್ಮ ಕೊಟ್ಟ, ಅದು ಹಿಡಿಯಲಿಲ್ಲ. ಕೊನೆಗೆ ಇಟಲಿಯ ಮೈಕೆಲೆ ಡಿ ಲೂಕಾ ಅವರ ತಂಡ ಹುಡುಗನ ಜೀವಕೋಶಗಳ ವಂಶವಾಹಿಯ ದೋಷ ಸರಿಪಡಿಸಿ, ಅವುಗಳಿಂದ ಹಾಳೆ ಬೆಳೆಸಿ ಕಳಿಸಿತು. ಮೈಯ ನೂರಕ್ಕೆ ಎಂಬತ್ತು ಭಾಗಕ್ಕೆ ಹೊಸ ಚರ್ಮ ಬಂತು. 2017ರಲ್ಲಿ ವರದಿ ಪ್ರಕಟವಾಗುವ ಹೊತ್ತಿಗೆ ಅವನು ಶಾಲೆಗೆ ಹೋಗುತ್ತಿದ್ದ. ಯುದ್ಧದಿಂದ ಓಡಿಬಂದ ಮಗುವಿಗೆ ಪರದೇಶದವರು ಕೂಡಿ ಮೈಮುಚ್ಚಲು ತೊಗಲು ಕೊಟ್ಟರು. ನಿರಾಶ್ರಿತರೆಂದರೆ ಹೊರೆ ಎನ್ನುವವರು ಈ ಕಥೆಯನ್ನೊಮ್ಮೆ ಓದಬೇಕು.

ನಮ್ಮ ಮನೆಯಂಗಳಕ್ಕೆ

ಇಂಥ ಹಾಳೆಗಳ ವೆಚ್ಚ ನಮ್ಮ ರೈತರ, ನೇಕಾರರ ಕೈಗೆ ಎಟುಕುವಂಥದ್ದಲ್ಲ. ಹಾಗೆಂದು ನಮ್ಮ ದೇಶದ ವೈದ್ಯರು ಸುಮ್ಮನೆ ಕೂತಿರಲಿಲ್ಲ. ಮುಂಬಯಿಯಲ್ಲಿ ಡಾ. ಎಂ.ಎಚ್. ಕೇಸವಾನಿಯವರು 1980ರ ದಶಕದಲ್ಲಿ ಆಲೂಗಡ್ಡೆಯ ಸಿಪ್ಪೆಯಿಂದ ಸುಟ್ಟಗಾಯದ ಪಟ್ಟಿ ಮಾಡಿದರು. ಅದೇ ನಗರದ ಡಾ. ಮಾಧುರಿ ಗೋರೆಯವರು ಶುದ್ಧೀಕರಿಸಿದ ಬಾಳೆಎಲೆಯನ್ನು ಗಾಯದ ಪಟ್ಟಿಯಾಗಿ ಬಳಸಿ 2003ರಲ್ಲಿ ವರದಿ ಬರೆದರು. ಅವರೇ 2000ದಲ್ಲಿ ಸಾಯನ್ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಕಟ್ಟಿದವರು. ಕರ್ನಾಟಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ಶುರುವಾಯಿತು. ಆಮೇಲೆ ರೋಟರಿಯ ನೆರವಿನಿಂದ ನಮ್ಮ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲೂ ಒಂದು ಬ್ಯಾಂಕ್ ಬಂತು.

ಬ್ಯಾಂಕ್ ತೆರೆದರಾಯಿತೇ? ಇಡಲು ಬೇಕಲ್ಲ. ತೀರಿಕೊಂಡ ಆರು ತಾಸಿನೊಳಗೆ ಚರ್ಮ ತೆಗೆಯಬೇಕು. ತೆಗೆಯುವುದು ತೊಡೆ, ಕಾಲು, ಬೆನ್ನಿನಿಂದ ಕಾಗದದಂಥ ತೆಳುಪದರ ಮಾತ್ರ. ಮುಖವನ್ನು ಮುಟ್ಟುವುದಿಲ್ಲ, ರಕ್ತ ಸುರಿಯುವುದಿಲ್ಲ, ಜಾಗಕ್ಕೆ ಪಟ್ಟಿ ಕಟ್ಟಿ ಕೊಡುತ್ತಾರೆ. ಮುಕ್ಕಾಲು ತಾಸಿನ ಕೆಲಸ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಹದಿನೆಂಟು ದಾಟಿದವರು, ಎಚ್‌ಐವಿ, ಕಾಮಾಲೆಯಂಥ ಸೋಂಕು ಇಲ್ಲದವರು ಕೊಡಬಹುದು. ಗ್ಲಿಸರಿನ್ನಿನಲ್ಲಿ ತಣ್ಣಗೆ ಇಟ್ಟರೆ ಐದು ವರ್ಷದವರೆಗೆ ಬರುತ್ತದೆ.

ಈ ವಿಷಯದಲ್ಲಿ ಬೈಲಹೊಂಗಲಕ್ಕೆ ಒಂದು ದೊಡ್ಡ ಹೆಸರಿದೆ. ಇಲ್ಲಿಯ ಆಯುರ್ವೇದ ವೈದ್ಯ ಡಾ. ರಾಮಣ್ಣವರ ಅವರು ತಮ್ಮ ದೇಹವನ್ನು ವೈದ್ಯ ವಿದ್ಯಾರ್ಥಿಗಳಿಗೆ ಕೊಡಬೇಕು, ತಮ್ಮ ಮಗನೇ ಅದನ್ನು ಕೊಯ್ದು ಪಾಠ ಹೇಳಬೇಕು ಎಂದು ಬರೆದಿಟ್ಟರು. ಅವರು 2008ರಲ್ಲಿ ತೀರಿಕೊಂಡರು. 2010ರ ನವೆಂಬರಿನಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ, ಶರೀರರಚನೆಯ ಅಧ್ಯಾಪಕರಾದ ಮಗ ಡಾ. ಮಹಾಂತೇಶ ರಾಮಣ್ಣವರ ತಂದೆಯ ದೇಹವನ್ನು ವಿದ್ಯಾರ್ಥಿಗಳ ಮುಂದೆ ಕೊಯ್ದು ಪಾಠ ಮಾಡಿದರು. ಆ ಸುದ್ದಿ ದೇಶದಾಚೆಗೂ ಹೋಯಿತು. ಅವರ ಹೆಸರಿನ ಟ್ರಸ್ಟ್ ದೇಹ, ಕಣ್ಣು, ಚರ್ಮದ ದಾನದ ಬಗ್ಗೆ ನಮ್ಮ ಭಾಗದಲ್ಲಿ ತಿಳಿವಳಿಕೆ ಮೂಡಿಸುತ್ತ ಬಂದಿದೆ.

ನಮ್ಮ ಸೀಮೆಯಲ್ಲಿ ಮುಸ್ಲಿಮರೂ ಲಿಂಗಾಯತರೂ ತಮ್ಮವರನ್ನು ಮಣ್ಣು ಮಾಡುವವರು. "ಮೈ ಇಡಿಯಾಗಿ ಮಣ್ಣಿಗೆ ಹೋಗಬೇಕು" ಎಂಬ ಅಳುಕು ಇಬ್ಬರಲ್ಲೂ ಒಂದೇ. ಮುಸ್ಲಿಮ್ ಧರ್ಮಪಂಡಿತರಲ್ಲಿ ಈ ಕುರಿತು ಒಂದೇ ಅಭಿಪ್ರಾಯವಿಲ್ಲ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿ, ಜೀವ ಉಳಿಸಲು ಬೇಕಾದಾಗ ಸತ್ತವರ ಅಥವಾ ವಾರಸುದಾರರ ಒಪ್ಪಿಗೆಯಿದ್ದರೆ ಮೃತರ ಅಂಗ ಬಳಸಬಹುದೆಂದು ತೀರ್ಮಾನಿಸಿತು. ನಮ್ಮ ದೇಶದ ಹಲವು ಉಲೇಮಾಗಳು ಒಪ್ಪಿಲ್ಲ. ನಾವು ಫತ್ವಾ ಹೇಳುವವರಲ್ಲ. ಆದರೆ ಈ ಮಾತು ಮನೆಯಲ್ಲಿ ಸಾವು ಬಂದ ಗಳಿಗೆಯಲ್ಲಿ ಹುಟ್ಟಬಾರದು. ಬದುಕಿರುವಾಗಲೇ ಮಸೀದಿಯಲ್ಲಿ, ಮಠದಲ್ಲಿ, ಊಟದ ಹೊತ್ತಿನಲ್ಲಿ ಮನೆಯಲ್ಲಿ ಚರ್ಚೆಯಾಗಬೇಕು.

ಸಿಡಿಯದ ಸ್ಟೋವು

ಕೊನೆಯದಾಗಿ ಒಂದು ಮಾತು. 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಜನ ಎಂದು 2009ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅವರಲ್ಲಿ 1,06,000 ಮಂದಿ ಹೆಂಗಸರು, ಹೆಚ್ಚಿನವರು 15ರಿಂದ 34 ವರ್ಷದೊಳಗಿನವರು. ಬೆಂಕಿಗೆ ಎಳೆಯ ಹೆಂಗಸರೇ ಯಾಕೆ ಬೇಕು? ಬೆಂಗಳೂರಿನ 'ವಿಮೋಚನಾ' ಸಂಘಟನೆ 1990ರ ದಶಕದಲ್ಲೇ ಈ ಪ್ರಶ್ನೆ ಎತ್ತಿತ್ತು. ವರದಕ್ಷಿಣೆ ಸಾವಿನ ಕಲಮು ದಂಡಸಂಹಿತೆಗೆ ಸೇರಿದ್ದು 1986ರಲ್ಲಿ. 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಕಾನೂನಿದೆ, ಹೇಳುವ ಬಾಯಿ ಬೇಕು. ನಮ್ಮ ಓಣಿಯ ಆ ಮನೆಯ ಸ್ಟೋವು ಮರುದಿನವೂ ಅಟ್ಟದ ಮೇಲೆ ಇಡಿಯಾಗಿಯೇ ಇತ್ತು. ನೋಡಿದವರಿದ್ದರು. ಹೇಳಿದವರಿರಲಿಲ್ಲ. ನಾವೂ ಹೇಳಲಿಲ್ಲ. ಯಾವ ಪ್ರಯೋಗಶಾಲೆಯೂ ಈ ಗಾಯಕ್ಕೆ ಹಾಳೆ ಬೆಳೆಸಿಕೊಡಲಾರದು.

ಉಳಿದದ್ದು ನಮ್ಮ ಕೈಯಲ್ಲಿದೆ. ಸುಟ್ಟ ಕೂಡಲೇ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಾಕುವುದು. ಶಾಯಿ, ಪೇಸ್ಟು, ಸಗಣಿ ಹಚ್ಚದಿರುವುದು. ತಡಮಾಡದೆ 108ಕ್ಕೆ ಕರೆಮಾಡುವುದು. ರಾಮದುರ್ಗದಿಂದ ಬೆಳಗಾವಿಗೆ ಇಂದಿಗೂ ನೂರು ಕಿಲೋಮೀಟರಿನ ಹಾದಿ, ಕಳೆದ ಗಳಿಗೆ ತಿರುಗಿ ಬರುವುದಿಲ್ಲ. ಆಮೇಲೆ, ನಾವು ಹೋದಾಗ ನಮ್ಮ ತೊಗಲಿನ ಒಂದು ತೆಳುಪದರ ಯಾರದೋ ಮಗಳನ್ನು ಮೂರು ವಾರ ಕಾಯಲಿ ಎಂದು ಮನೆಯವರಿಗೆ ಹೇಳಿಡುವುದು.

ಒಬ್ಬರ ತೊಗಲು ಇನ್ನೊಬ್ಬರಿಗೆ ಹಿಡಿಯುವುದಿಲ್ಲ. ಆದರೆ ಅವರದು ಬೆಳೆಯುವವರೆಗೆ ಕಾಯುತ್ತದೆ. ಆ ತಾಯಿಗೆ ಅಂದು ಯಾರೂ ಇಷ್ಟನ್ನು ಹೇಳಿರಲಿಲ್ಲ. ತಡವಾಗಿಯಾದರೂ ನಾವು ಹೇಳುತ್ತಿದ್ದೇವೆ.